ಆಕ್ಸಲ್ ನಟ್ ಜಗ್ಗುತ್ತಿಲ್ಲವಾ? ಹಾಕಿದ ಬಲ ಎಲ್ಲಿ ಪೋಲಾಗುತ್ತಿದೆ ನೋಡಿ

ಹಳೇ ವ್ಯಾನಿನ ಹಿಂಚಕ್ರದ ಬೇರಿಂಗ್ ಗುರ್ ಅನ್ನುತ್ತಿದೆ. ಬಿಚ್ಚಿ ಬದಲಿಸೋಣ ಅಂತ ಕೂತರೆ ದಾರಿಗೆ ಅಡ್ಡ ಒಂದೇ ಒಂದು ನಟ್: ಚಕ್ರದ ನಡುಭಾಗವನ್ನು (ಹಬ್) ಶಾಫ್ಟ್‌ಗೆ ಹಿಡಿದಿರುವ ಆಕ್ಸಲ್ ನಟ್. ರಾಡ್ ಹಾಕಿ ಒತ್ತಿದರೆ ರಾಡ್ ಬಗ್ಗುತ್ತದೆ, ನಟ್ ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಆಗ ಎಲ್ಲರಿಗೂ ಹೊಳೆಯುವುದು ಒಂದೇ: ಇನ್ನೂ ಉದ್ದದ ಪೈಪ್ ತರೋಣ.

ಪೈಪ್ ತರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಾನು ಹಾಕುತ್ತಿರುವ ಬಲ ನಟ್‌ನ ಥ್ರೆಡ್‌ವರೆಗೆ ತಲುಪುತ್ತಿದೆಯಾ? ಹೆಚ್ಚಿನ ಸಲ ಒಂದಿಷ್ಟು ಶ್ರಮ ದಾರಿಯಲ್ಲೇ ಪೋಲಾಗಿರುತ್ತದೆ. ರಾಡ್ ತಿರುಚಿಕೊಳ್ಳುವುದರಲ್ಲಿ ಸ್ವಲ್ಪ, ಚಕ್ರ ಜಾರುವುದರಲ್ಲಿ ಸ್ವಲ್ಪ, ಸಾಕೆಟ್ ಓರೆಯಾಗುವುದರಲ್ಲಿ ಸ್ವಲ್ಪ. ಅದನ್ನು ಪತ್ತೆ ಹಚ್ಚದೆ ಬಲ ಜಾಸ್ತಿ ಮಾಡಿದರೆ ಮುರಿಯುವುದು ನಟ್ ಅಲ್ಲ, ಬೇರೆ ಏನೋ.

ನನ್ನ ವ್ಯಾನಿನ ಬಲಗಡೆ ನಟ್ ಎರಡು ದಿನ ತಿಂದಿತು. ಮೊದಲ ದಿನ ಅರ್ಧ ಇಂಚಿನ ರಾಡ್‌ನ, ಅಂದರೆ ಸಾಕೆಟ್ ಕೂರುವ ಚೌಕ ಅರ್ಧ ಇಂಚು ಅಗಲವಿರುವ ರಾಡ್‌ನ, ತಲೆ ಮುರಿಯಿತು. ಎರಡನೇ ದಿನ ಮುಕ್ಕಾಲು ಇಂಚಿನ ರಾಡ್‌ಗೆ ಪೈಪ್ ತೊಡಿಸಿ ತೂಗಿದೆ. ಟಪ್ ಅಂತ ಸದ್ದಾಗಿ ನಟ್ ಕಾಲು ಸುತ್ತು ತಿರುಗಿತು, ಖುಷಿಯಾಯಿತು. ಮತ್ತೆ ಗಟ್ಟಿಯಾಗಿ ಕಚ್ಚಿಕೊಂಡಿತು. ಟಾರ್ಚ್ ಹಿಡಿದು, ಒಣಗಿದ ಗ್ರೀಸ್ ಕೆರೆದು ನೋಡಿದಾಗ ಗೊತ್ತಾಯಿತು. ನಟ್ ತಿರುಗದಂತೆ ಶಾಫ್ಟ್‌ನ ತೂತಿಗೆ ತೂರಿಸಿ ಕಾಲು ಬಗ್ಗಿಸುವ ಸ್ಪ್ಲಿಟ್ ಪಿನ್‌ನ ತಲೆ, ಕಾಲು ಎರಡೂ ತುಕ್ಕು ಹಿಡಿದು ಉದುರಿದ್ದವು. ನಡುವಿನ ತುಂಡು ಮಾತ್ರ ಶಾಫ್ಟ್‌ನ ತೂತಿನಲ್ಲೇ ಉಳಿದಿತ್ತು. ನಾನು ಕೇಳಿದ ಆ ಟಪ್ ಸದ್ದು ತುಕ್ಕು ಬಿಟ್ಟಿದ್ದಲ್ಲ. ಆ ತುಂಡು ಕತ್ತರಿಸಿ ಥ್ರೆಡ್‌ನೊಳಗೆ ಅರೆದುಹೋದ ಸದ್ದು. ಐದು ನಿಮಿಷ ಕೆರೆದು ನೋಡಿದ್ದರೆ ಶಾಫ್ಟ್‌ನ ಥ್ರೆಡ್ ಜಜ್ಜುತ್ತಿರಲಿಲ್ಲ.

ರಾಡ್ ಮುಟ್ಟುವ ಮೊದಲು

ಮೊದಲನೆಯದು, ಇದು ಯಾವ ಚಕ್ರದ ನಟ್? ಎಂಜಿನ್‌ನಿಂದ ತಿರುಗುವ ಚಕ್ರದ ನಟ್ ಭಾರಿ ಬಿಗಿ ಇರುತ್ತದೆ. 1970ರ ದಶಕದ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿನ ಹಿಂದಿನ ನಟ್ 46 ಮಿ.ಮೀ. ಅಗಲದ್ದು, ಅದನ್ನು ಸುಮಾರು 340 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ, ಅಂದರೆ ಟಾರ್ಕ್‌ನ ಅಳತೆ) ಬಿಗಿಯಬೇಕು. ಅದರ ನಂತರ ಬಂದ ಟಿ3 ವ್ಯಾನಿನಲ್ಲಿ ಅದು 500. ಸಾಮಾನ್ಯ ಚಕ್ರದ ಬೋಲ್ಟ್‌ಗೆ ಹಾಕುವ ಬಲದ ಎರಡು ಮೂರು ಪಟ್ಟು ಇದು. ವರ್ಷಗಟ್ಟಲೆ ತುಕ್ಕು ಕೂತ ಮೇಲೆ ಬಿಚ್ಚಲು ಇದಕ್ಕಿಂತ ಎಷ್ಟೋ ಹೆಚ್ಚು ಬೇಕಾಗಬಹುದು.

ಆದರೆ ಸುಮ್ನೆ ಉರುಳುವ ಚಕ್ರದಲ್ಲಿ, ಒಳಗೆ ಓರೆ ರೋಲರ್ ಬೇರಿಂಗ್ ಜೋಡಿ ಇದ್ದರೆ, ಆ ನಟ್ ಬಿಗಿಗಾಗಿ ಇರುವುದಲ್ಲ. ಬೇರಿಂಗ್‌ನ ಸಡಿಲ ಹೊಂದಿಸಲು ಇರುವುದು. ಅದು ಕೈಯಲ್ಲಿ ತಿರುಗುವಷ್ಟು ಹಗುರವಾಗಿ ಬರಬೇಕು. ಅಂಥ ನಟ್ ಬರುತ್ತಿಲ್ಲ ಅಂದರೆ ಲಾಕ್ ಇನ್ನೂ ಉಳಿದಿದೆ, ಇಲ್ಲವೇ ಥ್ರೆಡ್ ಹಾಳಾಗಿದೆ. ಅಲ್ಲಿ ಉದ್ದದ ಪೈಪ್‌ಗೆ ಕೆಲಸವೇ ಇಲ್ಲ.

ಎರಡನೆಯದು, ತಿರುಗಿಸುವ ದಿಕ್ಕು. ಕೆಲವು ಹಳೇ ಗಾಡಿಗಳಲ್ಲಿ ಒಂದು ಬದಿಯ ನಟ್‌ಗೆ ಎಡ ಥ್ರೆಡ್ ಇರುತ್ತದೆ, ಅಂದರೆ ಬಿಚ್ಚಲು ಉಲ್ಟಾ ತಿರುಗಿಸಬೇಕು. ಊಹೆ ಬೇಡ. ನಟ್‌ನಿಂದ ಹೊರಗೆ ಕಾಣುವ ಥ್ರೆಡ್ ಅನ್ನು ವೈರ್ ಬ್ರಷ್‌ನಿಂದ ಉಜ್ಜಿ ನೋಡಿ. ಒಂದು ಸಾಮಾನ್ಯ ಬೋಲ್ಟ್ ಅನ್ನು ಅದರ ಪಕ್ಕದಲ್ಲೇ, ತುದಿ ಅದೇ ಕಡೆಗೆ ಬರುವಂತೆ ಹಿಡಿಯಿರಿ. ಎರಡರ ಗೆರೆಗಳೂ ಒಂದೇ ಕಡೆಗೆ ವಾಲಿದ್ದರೆ ಮಾಮೂಲಿ ಥ್ರೆಡ್. ಇದು ಹತ್ತು ಸೆಕೆಂಡಿನ ಕೆಲಸ. ಮಾಡದಿದ್ದರೆ ಅರ್ಧ ದಿನ ನಟ್ ಅನ್ನು ಬಿಗಿ ಮಾಡುತ್ತಲೇ ಕೂರಬಹುದು.

ಮೂರನೆಯದು ಲಾಕ್. ಕೋಟೆಯ ಗೋಡೆಯಂತೆ ಹಲ್ಲು ಹಲ್ಲಾಗಿರುವ ನಟ್‌ಗೆ ಸ್ಪ್ಲಿಟ್ ಪಿನ್ ಇರುತ್ತದೆ. ಪಿನ್‌ನ ಎರಡೂ ಕಾಲನ್ನು ನೇರ ಮಾಡಿ, ಎಣ್ಣೆ ಬಿಟ್ಟು, ತಲೆ ಹಿಡಿದು ಎಳೆಯಿರಿ. ಬರದಿದ್ದರೆ ಕಾಲನ್ನು ಸಮಕ್ಕೆ ಕತ್ತರಿಸಿ, ತೂತಿಗೆ ಹೊಂದುವ ಪಂಚ್ ಇಟ್ಟು ಹಿಂದಕ್ಕೆ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ತೂತಿಗಿಂತ ಸಣ್ಣ ಡ್ರಿಲ್ ಬಿಟ್‌ನಿಂದ ನಡುವೆ ಕೊರೆದು ಉಳಿದದ್ದನ್ನು ಪುಡಿ ಮಾಡಿ. ಕೊನೆಗೆ ಒಂದು ತಂತಿ ತೂರಿಸಿ ನೋಡಿ. ಈ ಕಡೆಯಿಂದ ಹಾಕಿದ ತಂತಿ ಆ ಕಡೆ ಕಾಣಬೇಕು. ಕಾಣುವವರೆಗೆ ಪಿನ್ ಬಂದಿದೆ ಅಂತ ನಂಬಬೇಡಿ.

ಕೆಲವು ನಟ್‌ಗಳಲ್ಲಿ ಪಿನ್ ಇರುವುದಿಲ್ಲ. ನಟ್‌ನ ತೆಳು ಅಂಚನ್ನು ಶಾಫ್ಟ್‌ನ ಕಚ್ಚಿಗೆ ತಟ್ಟಿ ಕೂರಿಸಿರುತ್ತಾರೆ. ಕಿರಿದಾದ ಉಳಿಯಿಂದ ಆ ಅಂಚನ್ನು ಮೇಲೆತ್ತಿ. ಅರ್ಧಂಬರ್ಧ ಎತ್ತಿದರೆ ನಟ್ ತಿರುಗುವಾಗ ಅದೇ ಅಂಚು ಥ್ರೆಡ್ ಅನ್ನು ಉದ್ದಕ್ಕೂ ಕೆರೆಯುತ್ತದೆ. ಉಳಿಯ ಬಾಯಿ ಶಾಫ್ಟ್‌ನ ಥ್ರೆಡ್‌ಗೆ ತಾಗದಂತೆ ನೋಡಿಕೊಳ್ಳಿ.

ಲಕ್ಷಣ: ರಾಡ್ ಸ್ಪ್ರಿಂಗ್‌ನಂತೆ ಆಡುತ್ತದೆ, ನಟ್ ಅಲುಗುವುದಿಲ್ಲ

ಒತ್ತಿದರೆ ರಾಡ್ ಒಂದು ಗೇಣು ಕೆಳಗೆ ಹೋಗುತ್ತದೆ, ಬಿಟ್ಟರೆ ಮತ್ತೆ ಮೇಲಕ್ಕೆ ಬರುತ್ತದೆ. ನಿಮ್ಮ ಶ್ರಮವೆಲ್ಲ ಉಪಕರಣವನ್ನು ತಿರುಚುವುದಕ್ಕೆ ಹೋಗುತ್ತಿದೆ ಅಂತ ಅರ್ಥ. ಸಾಕೆಟ್ ಸೆಟ್‌ನಲ್ಲಿ ಬರುವ ಅರ್ಧ ಇಂಚಿನ ರಾಡ್‌ನ ಮಿತಿಯೇ ಇದು.

ಚೌಕದ ತಲೆಯ ಬಲ ಅದರ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅರ್ಧ ಇಂಚು ಅಂದರೆ 12.7 ಮಿ.ಮೀ., ಮುಕ್ಕಾಲು ಇಂಚು ಅಂದರೆ 19 ಮಿ.ಮೀ. ಅಗಲ ಒಂದೂವರೆ ಪಟ್ಟು, ಆದರೆ ತಾಳುವ ಬಲ ಸುಮಾರು 3.4 ಪಟ್ಟು. ಈ ಕೆಲಸಕ್ಕೆ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಮುಕ್ಕಾಲು ಇಂಚಿನ ಬ್ರೇಕರ್ ಬಾರ್ (ಬಿಗಿ ನಟ್ ಬಿಚ್ಚುವ ಉದ್ದನೆಯ ಗಟ್ಟಿ ರಾಡ್) ಕೊಳ್ಳಿ. ಅದಕ್ಕೆ ಸಾಕೆಟ್ ಕೂಡ ಮುಕ್ಕಾಲು ಇಂಚಿನದ್ದೇ ಇರಲಿ. ನಡುವೆ ಅರ್ಧ ಇಂಚಿನ ಅಡಾಪ್ಟರ್ ಸಿಕ್ಕಿಸಿದರೆ ಮುರಿಯುವುದು ಆ ಅಡಾಪ್ಟರೇ. ರಾಚೆಟ್ ಹ್ಯಾಂಡಲ್ ಮುಟ್ಟಲೇಬೇಡಿ, ಒಳಗಿನ ಹಲ್ಲು ಹಾರಿಹೋಗುತ್ತವೆ.

ಪೈಪ್‌ನ ಲೆಕ್ಕ ಸರಳ. 80 ಕೆ.ಜಿ. ತೂಕದವರು ನಟ್‌ನಿಂದ ಅರ್ಧ ಮೀಟರ್ ದೂರದಲ್ಲಿ ಭಾರ ಬಿಟ್ಟರೆ ಸುಮಾರು 390 ನ್ಯೂಟನ್ ಮೀಟರ್. ಒಂದು ಮೀಟರ್ ದೂರದಲ್ಲಿ 785. ಎರಡು ಮೀಟರ್‌ನಲ್ಲಿ 1,570. ಒಂದರಿಂದ ಒಂದೂವರೆ ಮೀಟರ್‌ನಲ್ಲಿ ಬರದ ನಟ್‌ಗೆ ಎರಡೂವರೆ ಮೀಟರ್ ಪೈಪ್ ಹುಡುಕಬೇಡಿ. ಅಷ್ಟರಲ್ಲೂ ಬರಲಿಲ್ಲ ಅಂದರೆ ಸಮಸ್ಯೆ ಬಲದ್ದಲ್ಲ ಅಂತ ತಿಳಿಯಿರಿ.

ಪೈಪ್ ದಪ್ಪ ಗೋಡೆಯದ್ದಾಗಿರಲಿ, ರಾಡ್‌ನ ಮೇಲೆ ಆದಷ್ಟು ಒಳಗೆ ತೂರಿರಲಿ. ತುದಿಯಲ್ಲಿ ಮಾತ್ರ ತೊಡಿಸಿದರೆ ರಾಡ್ ಅಲ್ಲೇ ಬಗ್ಗುತ್ತದೆ. ರಾಡ್ ನೆಲಕ್ಕೆ ಸಮಾನಾಂತರವಾಗಿ ಇರುವಂತೆ ಸಾಕೆಟ್ ಕೂರಿಸಿ, ಆಗ ನಿಮ್ಮ ಭಾರ ಪೂರ್ತಿ ಕೆಲಸಕ್ಕೆ ಬರುತ್ತದೆ. ಪೈಪ್ ಮೇಲೆ ಹತ್ತಿ ಕುಣಿಯುವುದು ಬೇಡ. ಕೈಯಲ್ಲಿ ಹಿಡಿದು, ಕಾಲು ಎರಡೂ ನೆಲದ ಮೇಲಿಟ್ಟು, ಮೈಭಾರ ನಿಧಾನವಾಗಿ ಬಿಡಿ. ನಟ್ ಬಿಡುವಾಗ ಒಮ್ಮೆಗೇ ಬಿಡುತ್ತದೆ. ಆಗ ಮುಖ ಪೈಪ್‌ನ ದಾರಿಯಲ್ಲಿ ಇರಬಾರದು.

ಜಾಗ ಕಡಿಮೆ ಇದ್ದು ಉದ್ದದ ಪೈಪ್ ತಿರುಗಿಸಲು ಆಗದಿದ್ದರೆ ಗೇರ್ ಇರುವ ಟಾರ್ಕ್ ಮಲ್ಟಿಪ್ಲೈಯರ್ ಒಳ್ಳೆಯದು. ಐದು ಪಟ್ಟು ಹೆಚ್ಚಿಸುವ ಗೇರ್‌ಗೆ 150 ನ್ಯೂಟನ್ ಮೀಟರ್ ಕೊಟ್ಟರೆ ಲೆಕ್ಕದ ಪ್ರಕಾರ 750 ಬರುತ್ತದೆ, ಘರ್ಷಣೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. ಇದರ ಆಸರೆ ತೋಳು ಗಟ್ಟಿ ಜಾಗಕ್ಕೆ ತಾಗಿರಬೇಕು. ಆ ತೋಳು ಬಹಳ ಜೋರಾಗಿ ಒತ್ತುತ್ತದೆ. ಅಲ್ಲಿ ಬೆರಳು ಇಡಬೇಡಿ.

ಲಕ್ಷಣ: ನಟ್ ಜೊತೆಗೆ ಚಕ್ರವೇ ತಿರುಗುತ್ತದೆ

ಇಲ್ಲಿ ನಟ್‌ನ ತಪ್ಪೇನೂ ಇಲ್ಲ. ಎದುರು ಹಿಡಿತ ಸಾಲುತ್ತಿಲ್ಲ, ಅಷ್ಟೇ.

ಚಕ್ರ ನೆಲದ ಮೇಲಿರುವಾಗಲೇ ನಟ್‌ನ ಮೊದಲ ಬಿಗಿ ಬಿಡಿಸಿ. ಮಿಕ್ಕ ಚಕ್ರಗಳಿಗೆ ಉರುಳದಂತೆ ಎರಡೂ ಕಡೆ ಬೆಣೆ ಇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ತುಳಿಯಲಿ. ಗೇರ್‌ನಲ್ಲಿ ನಿಲ್ಲಿಸುವುದನ್ನು ಮಾತ್ರ ನಂಬಬೇಡಿ. ಆಗ ನಿಮ್ಮ ಬಲವೆಲ್ಲ ಶಾಫ್ಟ್‌ನ ಜಾಯಿಂಟ್ ಮತ್ತು ಗೇರ್ ಬಾಕ್ಸ್ ಮೂಲಕ ಹಾದುಹೋಗುತ್ತದೆ. ವ್ಯಾನ್ ಜಾಕ್ ಮೇಲಿರುವಾಗ ಉದ್ದ ಪೈಪ್ ತೂಗುವುದು ಜೀವಕ್ಕೇ ಅಪಾಯ. ಇದನ್ನು ಯಾವ ಅವಸರದಲ್ಲೂ ಮಾಡಬೇಡಿ.

ಕೆಲವು ಚಕ್ರಗಳಲ್ಲಿ ನಡುವಿನ ತೂತು ಸಣ್ಣದಿರುತ್ತದೆ, ಸಾಕೆಟ್ ಹೋಗುವುದಿಲ್ಲ. ಆಗ ಚಕ್ರ ಬಿಚ್ಚಿ, ವ್ಯಾನನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಇಳಿಸಿ, ಹಬ್‌ನ ಎರಡು ಬೋಲ್ಟ್ ತೂತುಗಳಿಗೆ ಒಂದು ದಪ್ಪ ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸಿ. ಪಟ್ಟಿಯ ಇನ್ನೊಂದು ತುದಿ ನೆಲಕ್ಕೆ ಒರಗಲಿ. ಈಗ ಹಬ್ ತಿರುಗಲು ದಾರಿಯೇ ಇಲ್ಲ. ಸ್ಟ್ಯಾಂಡ್ ಮೇಲಿದ್ದಾಗ ಉದ್ದ ಪೈಪ್‌ಗಿಂತ ಮಲ್ಟಿಪ್ಲೈಯರ್ ಅಥವಾ ಇಂಪ್ಯಾಕ್ಟ್ ಗನ್ (ಏಟು ಕೊಡುತ್ತಾ ನಟ್ ತಿರುಗಿಸುವ ಯಂತ್ರ) ವಾಸಿ, ಗಾಡಿಯನ್ನು ಪಕ್ಕಕ್ಕೆ ಎಳೆಯುವುದಿಲ್ಲ. ಪಟ್ಟಿಯ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಿರಿ. ಸಡಿಲ ಇದ್ದರೆ ಬೋಲ್ಟ್‌ನ ಥ್ರೆಡ್ ಹಾಳಾಗುತ್ತದೆ.

ಮೊದಲ ಬಿಗಿ ಬಿಟ್ಟ ಮೇಲೆ ವ್ಯಾನನ್ನು ಒಂದಡಿಯೂ ಉರುಳಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಬೇರಿಂಗ್ ಅನ್ನು ಒತ್ತಿ ಹಿಡಿದಿರುವುದೇ ಈ ನಟ್. ಬಿಗಿ ಇಲ್ಲದೆ ಭಾರ ಬಿದ್ದು ಉರುಳಿದರೆ ಚೆನ್ನಾಗಿರುವ ಬೇರಿಂಗ್ ಕೂಡ ಹಾಳಾಗುತ್ತದೆ.

ಲಕ್ಷಣ: ಸಾಕೆಟ್ ಜಾರುತ್ತದೆ, ನಟ್‌ನ ಮೂಲೆ ರೌಂಡ್ ಆಗುತ್ತಿದೆ

ತಕ್ಷಣ ನಿಲ್ಲಿಸಿ. ಇನ್ನೊಂದು ಸಲ ಜಾರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಹನ್ನೆರಡು ಮೂಲೆಯ ಸಾಕೆಟ್ ಹಾಕಿದ್ದರೆ ಪಕ್ಕಕ್ಕಿಡಿ. ಆರು ಮೂಲೆಯ ಕಪ್ಪು ಇಂಪ್ಯಾಕ್ಟ್ ಸಾಕೆಟ್ ಬೇಕು. ಅಳತೆಯನ್ನು ಕ್ಯಾಲಿಪರ್‌ನಿಂದ ನಟ್‌ನ ಎದುರು ಬದುರು ಮುಖಗಳ ನಡುವೆ ಅಳೆಯಿರಿ. 46 ಮಿ.ಮೀ. ಸಾಕೆಟ್ ಸಿಗದಿದ್ದರೆ 1-13/16 ಇಂಚಿನದ್ದು ಆಗುತ್ತದೆ, ಅದು ಲೆಕ್ಕಕ್ಕೆ 46.04 ಮಿ.ಮೀ.

ನಟ್‌ನ ಮೇಲಿನ ಹಳೇ ಪೇಂಟ್, ಕೊಳೆ, ತುಕ್ಕಿನ ಪದರ ಇದ್ದರೆ ಸಾಕೆಟ್ ಅರ್ಧಕ್ಕೇ ನಿಲ್ಲುತ್ತದೆ. ಕೆರೆದು ತೆಗೆಯಿರಿ. ಸಾಕೆಟ್ ಪೂರ್ತಿ ಕೂತು ವಾಷರ್‌ಗೆ ತಾಗಬೇಕು. ಶಾಫ್ಟ್‌ನ ತುದಿ ಉದ್ದ ಇದ್ದರೆ ಆಳದ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಹಾಕಲೇಬೇಕಾದರೆ ಆದಷ್ಟು ಗಿಡ್ಡದ್ದು ಹಾಕಿ, ಅದರ ತುದಿಯ ಕೆಳಗೆ ಜಾಕ್ ಸ್ಟ್ಯಾಂಡ್ ಒಂದನ್ನು ಆಸರೆಗೆ ಇಡಿ. ಈ ಆಸರೆ ಇಲ್ಲದಿದ್ದರೆ ನೀವು ಒತ್ತಿದ ಭಾರದಲ್ಲಿ ಒಂದಿಷ್ಟು ಸಾಕೆಟ್ ಅನ್ನು ಓರೆ ಮಾಡುವುದಕ್ಕೇ ಹೋಗುತ್ತದೆ.

ಲಕ್ಷಣ: ಎಲ್ಲಾ ಸರಿ ಇದೆ, ಆದರೂ ಬರುತ್ತಿಲ್ಲ

ಈಗ ತುಕ್ಕಿನ ಸರದಿ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಹಾಗಾಗಿ ಥ್ರೆಡ್‌ನ ಸಂದಿಯನ್ನು ಬೆಣೆಯಂತೆ ತುಂಬಿಬಿಡುತ್ತದೆ. ಆದರೆ ಅದು ಪುಡಿಯಾಗುವ ವಸ್ತು. ನಿಧಾನದ ಒತ್ತಡಕ್ಕಿಂತ ಏಟಿಗೆ ಬೇಗ ಒಡೆಯುತ್ತದೆ.

ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಥ್ರೆಡ್‌ನ ಹೊರತುದಿಗೆ, ನಟ್‌ನ ಹಲ್ಲುಗಳ ಸಂದಿಗೆ, ವಾಷರ್‌ನ ಅಂಚಿಗೆ ಬಿಡಿ. ಒಂದೇ ಸಲ ಸುರಿಯುವುದಕ್ಕಿಂತ ಕೆಲವು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಿಟ್ಟು, ರಾತ್ರಿಯಿಡೀ ನೆನೆಯಲು ಬಿಡುವುದು ಒಳ್ಳೆಯದು. ಡ್ರಮ್ ಅಥವಾ ಡಿಸ್ಕ್‌ಗೆ ಬೀಳದಂತೆ ಬಟ್ಟೆ ಸುತ್ತಿ. ಎಣ್ಣೆ ಕುಡಿದ ಬ್ರೇಕ್ ಲೈನರ್ ಮತ್ತೆ ನಂಬಿಕೆಗೆ ಬರುವುದಿಲ್ಲ.

ಎಣ್ಣೆ ಬಿಟ್ಟ ಮೇಲೆ ನಟ್‌ನ ಆರು ಮುಖಕ್ಕೂ ಸುತ್ತಿಗೆಯಿಂದ ತಟ್ಟಿ. ಶಾಫ್ಟ್‌ನ ತುದಿಗೆ ಮಾತ್ರ ಹೊಡೆಯಬೇಡಿ. ತುದಿ ಅಣಬೆಯಂತೆ ಹರಡಿದರೆ ಸಡಿಲವಾದ ನಟ್ ಕೂಡ ಹೊರಗೆ ಬರುವುದಿಲ್ಲ, ಆ ಏಟು ಬೇರಿಂಗ್‌ಗೂ ತಟ್ಟುತ್ತದೆ.

ಇಂಪ್ಯಾಕ್ಟ್ ಗನ್ ಇದ್ದರೆ ಇಲ್ಲಿ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ. ಸಣ್ಣ ಸಣ್ಣ ಏಟುಗಳನ್ನು ಎಡೆಬಿಡದೆ ಕೊಡುತ್ತದೆ, ತುಕ್ಕು ಪುಡಿಯಾಗುತ್ತದೆ. ಚಕ್ರ ತಾನಾಗಿಯೇ ತನ್ನ ಭಾರದಿಂದ ಎದುರು ನಿಲ್ಲುವುದರಿಂದ ಬ್ರೇಕ್ ಮೇಲೂ ಹೊರೆ ಕಡಿಮೆ. ಗನ್ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ನಡುವಿನ ಎಕ್ಸ್‌ಟೆನ್ಷನ್, ಅಡಾಪ್ಟರ್ ತೆಗೆದು ನೋಡಿ. ಅವು ಪ್ರತಿ ಏಟಿನಲ್ಲೂ ಪಾಲು ತಿನ್ನುತ್ತವೆ. ಗಾಳಿಯ ಗನ್ ಆದರೆ ಉದ್ದನೆಯ ಸಣ್ಣ ಹೋಸ್ ಕೂಡ ಬಲ ಕುಗ್ಗಿಸುತ್ತದೆ.

ಗನ್ ಇಲ್ಲದವರಿಗೆ ಹೊಡೆಯುವುದಕ್ಕೆಂದೇ ಮಾಡಿದ ದಪ್ಪ ರಿಂಗ್ ಸ್ಪ್ಯಾನರ್ ಇದೆ. ಹಿಡಿ ಗಿಡ್ಡ, ತುದಿಯಲ್ಲಿ ಏಟು ಬೀಳುವ ಗಟ್ಟಿ ದಿಂಡು. ಭಾರದ ಸುತ್ತಿಗೆಯಿಂದ ನಾಲ್ಕು ಏಟು ಸರಿಯಾಗಿ ಬಿದ್ದರೆ, ಪೈಪ್‌ಗೆ ಬಗ್ಗದ ನಟ್ ಎಷ್ಟೋ ಸಲ ಬಗ್ಗುತ್ತದೆ. ನನಗೆ ಈ ಉಪಕರಣದ ಮೇಲೆ ತುಂಬಾ ಅಭಿಮಾನ. ಇದರಲ್ಲಿ ತಿರುಚಿಕೊಳ್ಳುವ ಭಾಗವೇ ಇಲ್ಲ, ಕೊಟ್ಟ ಏಟು ನೇರವಾಗಿ ನಟ್‌ಗೆ ಹೋಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹೊಡೆಯಿರಿ.

ಬಿಸಿ ಮಾಡುವುದು ಇದಾದ ಮೇಲಿನ ಮಾತು. 30 ಮಿ.ಮೀ. ಒಳ ಅಗಲದ ನಟ್ ಅನ್ನು ಶಾಫ್ಟ್‌ಗಿಂತ 200 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಕೇಳಲು ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ತುಕ್ಕಿನ ಹಿಡಿತ ಒಡೆಯಲು ಅದು ಸಾಕಾಗುತ್ತದೆ. ಗುಟ್ಟು ಇರುವುದು ನಟ್ ಮಾತ್ರ ಬಿಸಿಯಾಗಿ ಶಾಫ್ಟ್ ತಣ್ಣಗೆ ಉಳಿಯುವುದರಲ್ಲಿ. ಸಣ್ಣ ಜ್ವಾಲೆಯಿಂದ ಹತ್ತು ನಿಮಿಷ ಕಾಯಿಸಿದರೆ ಎರಡೂ ಸಮನಾಗಿ ಹಿಗ್ಗುತ್ತವೆ, ಏನೂ ಲಾಭವಿಲ್ಲ. ಜೋರು ಶಾಖ ಬೇಗ ಕೊಟ್ಟು ಬೇಗ ತಿರುಗಿಸಬೇಕು. ಕರೆಂಟಿನ ಇಂಡಕ್ಷನ್ ಹೀಟರ್ ಇದಕ್ಕೆ ಸೊಗಸು, ಬೆಂಕಿಯೇ ಇಲ್ಲ.

ಬೇರಿಂಗ್‌ನ ಗ್ರೀಸ್, ಸೀಲ್, ರಬ್ಬರ್ ಬೂಟ್ ಎಲ್ಲವೂ ಹತ್ತಿರದಲ್ಲೇ ಇರುತ್ತವೆ. ಬೇರಿಂಗ್ ಬದಲಿಸುವ ಉದ್ದೇಶ ಇಲ್ಲದಿದ್ದರೆ ಬಿಸಿಯ ಗೋಜಿಗೆ ಹೋಗಬೇಡಿ. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ತೋರಿಸುವ ಮೊದಲು ಪೂರ್ತಿ ಒರೆಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗವನ್ನು ಕಾಯಿಸಲೇಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಣ ಇರುತ್ತದೆ, ಕಾದಾಗ ಅದರಿಂದ ಫಾಸ್ಜೀನ್ ಎಂಬ ಪ್ರಾಣ ತೆಗೆಯುವ ಗಾಳಿ ಹುಟ್ಟಬಹುದು.

ಲಕ್ಷಣ: ಸ್ವಲ್ಪ ತಿರುಗಿ ಮತ್ತೆ ಕಚ್ಚಿಕೊಳ್ಳುತ್ತದೆ

ಇದು ನನ್ನ ವ್ಯಾನಿನ ಕಥೆ. ಇಲ್ಲಿ ಕೈ ತಡೆಯುವುದು ಕಷ್ಟ, ಇನ್ನೇನು ಬಂತು ಅನ್ನಿಸುತ್ತಿರುತ್ತದೆ. ಆದರೆ ಶಾಫ್ಟ್ ಉಳಿಯುವುದೋ ಹೋಗುವುದೋ ಈ ಹಂತದಲ್ಲೇ ತೀರ್ಮಾನವಾಗುತ್ತದೆ.

ನಟ್‌ನ ಕೆಳಗೆ ಒಂದು ಬಿಳಿ ಕಾಗದ ಹಿಡಿದು, ಉದುರುವುದು ಏನು ಅಂತ ನೋಡಿ. ಕೆಂಪು, ಕಂದು ಪುಡಿ ಉದುರಿದರೆ ತುಕ್ಕು. ಚಿಂತೆ ಇಲ್ಲ, ಎಣ್ಣೆ ಬಿಟ್ಟು ಮುಂದುವರಿಯಿರಿ. ಬೆಳ್ಳಿಯಂತೆ ಹೊಳೆಯುವ ಚೂರು, ತೆಳು ಎಳೆ ಉದುರಿದರೆ ಅದು ಥ್ರೆಡ್‌ನ ಉಕ್ಕು. ಒಂದು ಲೋಹ ಇನ್ನೊಂದಕ್ಕೆ ಕಚ್ಚಿ ಕಿತ್ತು ಬರುತ್ತಿದೆ.

ಹಾಗಾದಾಗ ಮುಂದೆ ತಿರುಗಿಸಬೇಡಿ, ಹಿಂದಕ್ಕೆ ತಿರುಗಿಸಿ. ಎಣ್ಣೆ ಬಿಡಿ. ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಬಿಗಿ. ಮತ್ತೆ ಕಾಲು ಬಿಚ್ಚಿ, ಮತ್ತೆ ಅರೆಕಾಲು ಬಿಗಿ. ಥ್ರೆಡ್‌ನಲ್ಲಿ ಸಿಕ್ಕಿರುವ ಚೂರು ಹೀಗೆ ಹಿಂದೆ ಮುಂದೆ ಆಡಿಸಿದಾಗ ಹೊರಬರುತ್ತದೆ. ಬೇಸರದ ಕೆಲಸ, ನಿಜ. ಇಂಪ್ಯಾಕ್ಟ್ ಗನ್ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ನಟ್ ಬರಬಹುದು, ಆದರೆ ಥ್ರೆಡ್ ಅನ್ನೂ ಜೊತೆಗೆ ತರುತ್ತದೆ.

ಪ್ರತಿ ಸುತ್ತಿಗೂ ಬಿಗಿ ಏರುತ್ತಲೇ ಹೋದರೆ ನಟ್ ಅನ್ನು ಬಲಿ ಕೊಡಿ, ಶಾಫ್ಟ್ ಉಳಿಸಿಕೊಳ್ಳಿ. ನಟ್‌ನ ಒಂದು ಮುಖದ ಹಿಂದೆ, ಶಾಫ್ಟ್‌ಗೆ ಸಮಾನಾಂತರವಾಗಿ ಎರಡು ಮೂರು ತೂತು ಕೊರೆಯಿರಿ. ಥ್ರೆಡ್‌ಗೆ ಒಂದು ಕೂದಲಿನಷ್ಟು ದೂರ ಬಿಡಿ. ಉಳಿದ ತೆಳು ಗೋಡೆಗೆ ಚೂಪು ಉಳಿ ಇಟ್ಟು ಹೊಡೆದರೆ ನಟ್ ಬಾಯಿ ಬಿಡುತ್ತದೆ. ಸಣ್ಣ ಗ್ರೈಂಡರ್‌ನಿಂದಲೂ ಕಚ್ಚು ಹಾಕಬಹುದು, ಆದರೆ ಅದರ ಚಕ್ರ ದುಂಡಗಿರುವುದರಿಂದ ಒಂದು ಕಡೆ ಆಳ ಆಗುವಷ್ಟರಲ್ಲಿ ಇನ್ನೊಂದು ಕಡೆ ಶಾಫ್ಟ್ ಕೊಯ್ದಿರುತ್ತದೆ. ನಾನು ಡ್ರಿಲ್ ದಾರಿಯನ್ನೇ ಹಿಡಿದೆ. ಉಳಿಯ ಮೂರನೇ ಏಟಿಗೆ ನಟ್ ಸೀಳಿತು, ಆಮೇಲೆ ಕೈಯಲ್ಲೇ ತಿರುಗಿ ಬಂತು. ಥ್ರೆಡ್‌ನ ಎರಡು ಸುತ್ತು ಮಾತ್ರ ಜಜ್ಜಿತ್ತು, ಥ್ರೆಡ್ ಫೈಲ್‌ನಿಂದ ತೀಡಿ ಸರಿ ಮಾಡಿದೆ. ಮೂರು ನಾಲ್ಕು ಸುತ್ತಿಗಿಂತ ಜಾಸ್ತಿ ಹೋಗಿದ್ದರೆ ಶಾಫ್ಟ್ ಬದಲಿಸುವುದೇ ಸರಿ. ಚಕ್ರವನ್ನು ಹಿಡಿದಿರುವ ಥ್ರೆಡ್ ಇದು.

ಮತ್ತೆ ಹಾಕುವಾಗ

ಅಂಚು ತಟ್ಟಿ ಲಾಕ್ ಮಾಡುವ ನಟ್ ಆದರೆ ಹೊಸದೇ ಹಾಕಿ. ಹಲ್ಲಿನ ನಟ್ ಚೆನ್ನಾಗಿದ್ದರೆ ಮತ್ತೆ ಬಳಸಬಹುದು, ಸ್ಪ್ಲಿಟ್ ಪಿನ್ ಮಾತ್ರ ಪ್ರತಿ ಸಲ ಹೊಸದು. ನಟ್ ಮೊದಲು ಬೆರಳಿನಲ್ಲೇ ಕೊನೆಯವರೆಗೆ ಸರಾಗವಾಗಿ ಓಡಬೇಕು. ಓಡದಿದ್ದರೆ ಅಲ್ಲೇ ನಿಲ್ಲಿಸಿ ಥ್ರೆಡ್ ನೋಡಿ. ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ನೋಡಿಯೇ ಮಾಡಿ, ಯಾಕೆಂದರೆ ಎಣ್ಣೆ ಹಚ್ಚಿದ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಒತ್ತು ಜಾಸ್ತಿ ಬೀಳುತ್ತದೆ.

ಬಿಗಿಯುವುದಕ್ಕೆ ಇಂಪ್ಯಾಕ್ಟ್ ಗನ್ ಬೇಡ. ದೊಡ್ಡ ಟಾರ್ಕ್ ರೆಂಚ್ ಇಲ್ಲದಿದ್ದರೆ ತೂಕದ ಲೆಕ್ಕದಿಂದ ಹತ್ತಿರಕ್ಕೆ ಬರಬಹುದು. 350 ನ್ಯೂಟನ್ ಮೀಟರ್ ಬೇಕು, ನಿಮ್ಮ ತೂಕ 70 ಕೆ.ಜಿ. ಅಂದುಕೊಳ್ಳಿ. ನಟ್‌ನ ನಡುವಿನಿಂದ 51 ಸೆಂ.ಮೀ. ದೂರಕ್ಕೆ ರಾಡ್ ಮೇಲೆ ಗುರುತು ಹಾಕಿ, ರಾಡ್ ಅಡ್ಡ ಮಟ್ಟದಲ್ಲಿರುವಾಗ ಆ ಗುರುತಿನ ಮೇಲೆ ಪೂರ್ತಿ ಭಾರವನ್ನು ನಿಧಾನವಾಗಿ ಬಿಡಿ. ಸಾಧ್ಯವಾದಷ್ಟು ಬೇಗ ಸರಿಯಾದ ರೆಂಚ್‌ನಿಂದ ಪರೀಕ್ಷಿಸಿಕೊಳ್ಳಿ.

ಪಿನ್‌ನ ತೂತು ಸರಿಯಾಗಿ ಎದುರು ಬರದಿದ್ದರೆ, ಎಂಜಿನ್‌ನಿಂದ ತಿರುಗುವ ಚಕ್ರದ ಈ ಬಿಗಿ ನಟ್ ಅನ್ನು ಮುಂದಿನ ಹಲ್ಲಿನವರೆಗೆ ಇನ್ನಷ್ಟು ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಕಾಲು ಬಗ್ಗಿಸಿದ ಮೇಲೆ ನಟ್‌ನಿಂದ ಶಾಫ್ಟ್‌ಗೆ ಸೇರಿಸಿ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ಮೊದಲ ಕೆಲವು ಓಡಾಟದ ನಂತರ ಕ್ಯಾಪ್ ತೆಗೆದು ನೋಡಿ. ಗೆರೆ ನೇರವಾಗಿದ್ದರೆ ನಟ್ ಕೂತಲ್ಲೇ ಇದೆ. ಮುರಿದಿದ್ದರೆ ನಟ್ ಸರಿದಿದೆ, ವ್ಯಾನ್ ಅಲ್ಲೇ ನಿಲ್ಲಲಿ.